ಆಯುಧವಿಲ್ಲದ ತಾಯಿಯನ್ನು ಬರೆದ ಅವನೀಂದ್ರನಾಥ ಠಾಕೂರ್

ಭಾರತಮಾತೆ ಅಂದ ಕೂಡಲೇ ಸಿಂಹ, ತ್ರಿಶೂಲ, ಬಾವುಟ ನೆನಪಾಗುತ್ತೆ ಅಲ್ವಾ? ಅವನೀಂದ್ರನಾಥ ಠಾಕೂರರು ಬರೆದ ಭಾರತಮಾತೆಯ ಹತ್ತಿರ ಇವು ಯಾವುವೂ ಇಲ್ಲ!

ಇವರು 1871ರ ಆಗಸ್ಟ್ 7ರಂದು ಕಲ್ಕತ್ತೆಯ ಜೋರಾಸಾಂಕೋದಲ್ಲಿ ಹುಟ್ಟಿದರು. ಕವಿ ರವೀಂದ್ರರು ವರಸೆಯಲ್ಲಿ ಇವರಿಗೆ ಚಿಕ್ಕಪ್ಪ. ಮೊದಲು ಯುರೋಪಿನ ಗುರುಗಳ ಹತ್ತಿರ ಚಿತ್ರಕಲೆ ಕಲಿತರು. ಆಮೇಲೆ ಅದನ್ನು ಬಿಟ್ಟು ನಮ್ಮ ಮೊಗಲ್, ರಜಪೂತ ಚಿತ್ರಗಳ ದಾರಿ ಹಿಡಿದರು. ಜಪಾನಿನಿಂದ ಬಂದ ಕಲಾವಿದರನ್ನು ನೋಡಿ ಇನ್ನೊಂದು ವಿಧಾನ ಕಲಿತರು. ನೀರುಬಣ್ಣ ಹಚ್ಚಿ, ಹಾಳೆಯನ್ನೇ ನೀರಲ್ಲಿ ಅದ್ದಿ, ಒಣಗಿದ ಮೇಲೆ ಮತ್ತೆ ಹಚ್ಚುವುದು. ಆಗ ಬಣ್ಣ ಮಂಜಿನ ಹಾಗೆ ತೆಳ್ಳಗೆ ಕಾಣುತ್ತೆ.

1905ರಲ್ಲಿ ಬ್ರಿಟಿಷರು ಬಂಗಾಳವನ್ನು ಎರಡು ಭಾಗ ಮಾಡಿದರು. ಜನ ಸಿಟ್ಟೆದ್ದು ಸ್ವದೇಶಿ ಚಳವಳಿಗೆ ಇಳಿದರು. ಅದೇ ಸಮಯದಲ್ಲಿ ಇವರು ಈ ಚಿತ್ರ ಬರೆದರು. ಕಾವಿ ಉಟ್ಟ ಶಾಂತ ಮುಖದ ತಾಯಿ. ನಾಲ್ಕು ಕೈಗಳಲ್ಲಿ ಭತ್ತದ ತೆನೆ, ಬಿಳಿ ಬಟ್ಟೆ, ಪುಸ್ತಕ, ಜಪಮಾಲೆ. ಅಂದರೆ ಅನ್ನ, ವಸ್ತ್ರ, ವಿದ್ಯೆ, ದೀಕ್ಷೆ. ಕಾಲ ಬಳಿ ಬಿಳಿ ತಾವರೆ.

ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇವರ ಶಿಷ್ಯರೇ. ಅವನೀಂದ್ರನಾಥರು 1951ರ ಡಿಸೆಂಬರ್ 5ರಂದು ತೀರಿಕೊಂಡರು.

ಆ ತಾಯಿಯ ಕೈಯ ಪುಸ್ತಕ ನಮ್ಮ ಕೈಗೇನೋ ಬಂದಿದೆ. ಅನ್ನ, ಬಟ್ಟೆ ಎಲ್ಲರ ಮನೆಗೂ ಬಂದಿದೆಯಾ? ನೀವೇ ಯೋಚಿಸಿ.