ಹವ್ಯಾಸವೇ ಬದುಕಾದ ಬಗೆ: ನಂಜನಗೂಡು ತಿರುಮಲಾಂಬ

ನಂಜುಂಡೇಶ್ವರನ ಸನ್ನಿಧಿಯ ಬಳಿ ಹರಿಯುವ ಕಪಿಲೆಯು ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದೀತೀರದ ಎರಡು ಊರುಗಳು ನಾಡಿಗೆ ಇಬ್ಬರು ಅಸಾಧಾರಣ ವ್ಯಕ್ತಿಗಳನ್ನು ನೀಡಿವೆ. ಒಬ್ಬರು ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು. ಇನ್ನೊಬ್ಬರು ಅವರಿಗಿಂತ ಎಂಟು ವರ್ಷ ಹಿರಿಯರಾದ ನಂಜನಗೂಡಿನ ತಿರುಮಲಾಂಬ ಅವರು. ಚೌಡಯ್ಯನವರು 1910ರಲ್ಲಿ, ಹದಿನೈದರ ಹರೆಯದಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯತ್ವವನ್ನು ಪಡೆದರು. ಮನಸ್ಸಿನ ಒಲವನ್ನು ಅನುಸರಿಸಿ ಹೊರಟ ಬಾಲಕನಿಗೆ ಹಾದಿಯೊಂದು ಇತ್ತು. ಹಾದಿಯ ಕೊನೆಯಲ್ಲಿ ಗುರುವೂ ಇದ್ದರು. ಅದೇ ವಯಸ್ಸಿನಲ್ಲಿ ತಿರುಮಲಾಂಬ ಅವರಿಗೆ ಅಂತಹ ಹಾದಿಯೇ ಇರಲಿಲ್ಲ. ಆದರೂ ಅವರು ನಡೆದರು. ಆ ನಡಿಗೆಯ ಕಥೆಯು ಮಕ್ಕಳ ಶಿಕ್ಷಣದಲ್ಲಿ ಆಸಕ್ತಿಯುಳ್ಳ ಸರ್ವರೂ ಮನನ ಮಾಡತಕ್ಕದ್ದಾಗಿದೆ.

ತಿರುಮಲಾಂಬ ಅವರು 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಮನೆಮಾತು ತಮಿಳು. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹ ನಿಷೇಧದ ಶಾಸನವನ್ನು ಜಾರಿಗೆ ತಂದಿತ್ತಾದರೂ ಅದು ತಡೆದದ್ದು ಮುಖ್ಯವಾಗಿ ಎಂಟು ವರ್ಷ ತುಂಬದ ಬಾಲಿಕೆಯರ ವಿವಾಹವನ್ನು. ಹೀಗಾಗಿ ಹತ್ತನೆಯ ವಯಸ್ಸಿನಲ್ಲಿ ನಡೆದ ತಿರುಮಲಾಂಬ ಅವರ ವಿವಾಹಕ್ಕೆ ಆ ಶಾಸನ ಅಡ್ಡಿಯಾಗಲಿಲ್ಲ. 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗು ಮಾರಿಯು ಅಸಂಖ್ಯಾತ ಮನೆಗಳ ದೀಪವನ್ನು ಆರಿಸಿತು. ಆ ಮಾರಿಗೆ ಅವರ ಪತಿಯೂ ಬಲಿಯಾದರು. ಆಗ ತಿರುಮಲಾಂಬ ಅವರಿಗೆ ಕೇವಲ ಹದಿನಾಲ್ಕು ವರ್ಷ.

ಹದಿನಾಲ್ಕು ವರ್ಷವೆಂದರೆ ಇಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ವಯಸ್ಸು. ಅಂದಿನ ಮೇಲ್ಜಾತಿಯ ಸಮಾಜದಲ್ಲಿ ಬಾಲವಿಧವೆಗೆ ಉಳಿಯುತ್ತಿದ್ದುದು ಅಡುಗೆಮನೆ, ವ್ರತೋಪವಾಸ ಮತ್ತು ಮೌನ. ಶುಭಕಾರ್ಯಗಳಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಷ್ಟು ಹಿಂದೆಯೇ ಆರಂಭವಾಗಿದ್ದರೂ ಸಣ್ಣ ಊರಿನ ವಿಧವೆಯ ಪಾಲಿಗೆ ಅದು ಬಹುದೂರದ ಮಾತು. ಆದರೆ ಆ ವಯಸ್ಸಿನ ಮನಸ್ಸು ಮೌನವನ್ನು ಒಪ್ಪಿಕೊಳ್ಳುವಂತಹುದಲ್ಲ. ಅದು ಕಂಡದ್ದನ್ನು, ಉಂಡ ನೋವನ್ನು, ಕಟ್ಟಿಕೊಂಡ ಕನಸನ್ನು ಯಾವುದಾದರೊಂದು ರೂಪದಲ್ಲಿ ಹೊರಗಿಡಲು ಹಾತೊರೆಯುತ್ತದೆ.

ತಿರುಮಲಾಂಬ ಅವರು ಪುಸ್ತಕಗಳನ್ನು ಆಶ್ರಯಿಸಿದರು. ಕನ್ನಡದ ಜೊತೆಗೆ ತಮಿಳು, ತೆಲುಗು ಗ್ರಂಥಗಳನ್ನು ಓದಿದರು. ಓದು ಬರವಣಿಗೆಯತ್ತ ಕೊಂಡೊಯ್ದಿತು. ಹಾಡು, ಕಥೆ, ನಾಟಕಗಳು ರೂಪುಗೊಂಡವು. ಇದನ್ನು ಮಾಡೆಂದು ಅವರಿಗೆ ಯಾರೂ ವಿಧಿಸಿರಲಿಲ್ಲ. ಮುಂದೆ ಪರೀಕ್ಷೆಯಿರಲಿಲ್ಲ, ಪದವಿಯಿರಲಿಲ್ಲ, ಬಹುಮಾನದ ಆಸೆಯೂ ಇರಲಿಲ್ಲ. ಲೋಕದ ದೃಷ್ಟಿಯಲ್ಲಿ ಅದು ಹೊತ್ತು ಕಳೆಯುವ ಹವ್ಯಾಸ. ಅವರ ಪಾಲಿಗೆ ಅದೇ ಉಸಿರು.

ಇಲ್ಲಿ ತಂದೆಯವರ ಪಾತ್ರವನ್ನು ವಿಶೇಷವಾಗಿ ಸ್ಮರಿಸಬೇಕು. ಸಮಾಜವನ್ನು ಎದುರಿಸಿ ಕ್ರಾಂತಿ ಮಾಡಲು ಅವರು ಹೊರಡಲಿಲ್ಲ. ಮಗಳು ಓದುವುದನ್ನು ತಡೆಯಲಿಲ್ಲ, ಬರೆಯುವುದನ್ನು ಪ್ರೋತ್ಸಾಹಿಸಿದರು, ಅಷ್ಟೆ. ಆ ಕಾಲದಲ್ಲಿ ಅಷ್ಟೇ ಬಹಳವಾಗಿತ್ತು. ತಾನು ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳದ ಮಗಳು ಮನೆಯಲ್ಲಿಯೇ ನೆರೆಹೊರೆಯವರಿಗೆ ಪಾಠ ಹೇಳತೊಡಗಿದರು.

ಹೀಗೆ ಹನ್ನೆರಡು ವರ್ಷಗಳ ಏಕಾಂತದ ಸಾಧನೆಯು 1913ರಲ್ಲಿ ಫಲ ನೀಡಿತು. ಇಪ್ಪತ್ತಾರರ ವಯಸ್ಸಿನಲ್ಲಿ ಅವರು ನಂಜನಗೂಡಿನಲ್ಲಿಯೇ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಸ್ಥಾಪಿಸಿ ‘ಸುಶೀಲೆ’ ಕಾದಂಬರಿಯನ್ನು ಹೊರತಂದರು. ತರುವಾಯ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ‘ನಭಾ’, ‘ವಿದ್ಯುಲ್ಲತಾ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಬಂದವು. ಪತ್ತೇದಾರಿ ಕಥನಕ್ಕೂ ಅವರು ಕೈಹಾಕಿದರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಪ್ರಕಾಶಕಿ, ಪತ್ರಿಕಾ ಸಂಪಾದಕಿ ಎಂಬ ಗೌರವ ಅವರಿಗೆ ಸಲ್ಲುತ್ತಿದೆ. ಅವರು ಹಳೆಯ ಗೃಹಧರ್ಮವನ್ನು ಕೈಬಿಟ್ಟವರಲ್ಲ; ಆದರೆ ಅಕ್ಷರವಿಲ್ಲದ ಸ್ತ್ರೀಜೀವನ ಕತ್ತಲೆಯೆಂದು ಸಾರಿದರು.

ಸಾಹಿತ್ಯದ ಅಭಿರುಚಿ ಬದಲಾದಾಗ ಅವರ ಬರವಣಿಗೆ ಕೇವಲ ನೀತಿಬೋಧೆಯೆಂಬ ಮಾತು ಬಂದಿತು. ನೀತಿಬೋಧೆ ಅದರಲ್ಲಿ ಇದೆ, ನಿಜ. ಆದರೆ ಬೋಧಿಸಿದ ದನಿಯು ಮಾತನಾಡಲು ಅಪ್ಪಣೆಯೇ ಇಲ್ಲದ ಮೂಲೆಯಿಂದ ಬಂದದ್ದೆಂಬುದನ್ನು ಮರೆಯಲಾಗದು. ಮುಂದೆ ಅವರು ಮದರಾಸಿನಲ್ಲಿ ನೆಲೆಸಿದರು. ಕನ್ನಡ ನಾಡು ಅವರನ್ನು ಬಹುಮಟ್ಟಿಗೆ ಮರೆಯಿತು. ಪ್ರಾಧ್ಯಾಪಕಿ ಚಿ.ನ. ಮಂಗಳಾ ಅವರು ಮತ್ತೆ ಅವರನ್ನು ನಾಡಿನ ನೆನಪಿಗೆ ತಂದರು. 1982ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ತಿರುಮಲಾಂಬ ಅವರು ಕಾಲವಾದರು. ಅವರ ಹೆಸರಿನ ಪ್ರಶಸ್ತಿಯೊಂದು ಲೇಖಕಿಯರಿಗೆ ಸಲ್ಲುವಂತಾಯಿತು.

ಈ ಜೀವನದಿಂದ ವಿದ್ಯಾಸಂಸ್ಥೆಗಳು ಗ್ರಹಿಸಬೇಕಾದುದೇನು? ಹರೆಯದ ಮಗು ತಾನಾಗಿ ಹಚ್ಚಿಕೊಂಡ ಹವ್ಯಾಸವು ಪಾಠಕ್ಕೆ ಶತ್ರುವಲ್ಲ. ಒಬ್ಬ ಹುಡುಗ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಚಿತ್ರ ಬರೆಯುತ್ತಾನೆ. ಇನ್ನೊಬ್ಬ ಬೆಂಚಿನ ಮೇಲೆ ತಾಳ ಹಾಕುತ್ತಾನೆ. ಹುಡುಗಿಯೊಬ್ಬಳು ಯಾರಿಗೂ ತೋರಿಸದೆ ಪದ್ಯ ಬರೆದಿಡುತ್ತಾಳೆ. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಹೀಗೆ ಹೇಳುತ್ತಿರುತ್ತಾರೆ. ಎಲ್ಲರೂ ಖ್ಯಾತರಾಗಲಾರರು, ಆಗಬೇಕಾಗಿಯೂ ಇಲ್ಲ. ಶಿಕ್ಷಕರು ಆ ಕೊನೆಯ ಹಾಳೆಯನ್ನು ಹರಿದೆಸೆಯುವ ಮೊದಲು ಒಮ್ಮೆ ಓದಲಿ. ಕಟ್ಟಡಕ್ಕೆ ಕೊಡುವ ದಾನಿಗಳು ಒಂದು ಕಪಾಟು ಪುಸ್ತಕಕ್ಕೂ, ಒಂದು ಹಾರ್ಮೋನಿಯಂಗೂ, ಒಂದಷ್ಟು ಬಣ್ಣ ಕುಂಚಗಳಿಗೂ ಕೊಡಲಿ. ನಂಜನಗೂಡಿನ ಬಾಲವಿಧವೆಗೆ ದೊರೆತದ್ದು ಕೆಲವು ಪುಸ್ತಕಗಳು ಮತ್ತು ಬೇಡವೆನ್ನದ ತಂದೆ ಮಾತ್ರ. ನಮ್ಮ ಮಕ್ಕಳಿಗೆ ಅಷ್ಟನ್ನಾದರೂ ಕೊಡುವುದು ನಮ್ಮೆಲ್ಲರ ಕೈಯಲ್ಲಿದೆ.