ಮುದನೂರಿನ ನೇಕಾರ

ನಮ್ಮೂರು ಮುದನಾಳ. ಹೆಸರಿನಲ್ಲಿ ಅದಕ್ಕೆ ಸಮೀಪವಾದ ಮುದನೂರು ಸುರಪುರ ಸೀಮೆಯಲ್ಲಿದೆ. ಸುಮಾರು 11ನೆಯ ಶತಮಾನದಲ್ಲಿ ಜೇಡರ ದಾಸಿಮಯ್ಯನು ಬಾಳಿದ್ದು ಅಲ್ಲಿಯೇ. ಆ ಊರಿನ ರಾಮನಾಥನೇ ಆತನ ಇಷ್ಟದೈವ, ವಚನಗಳ ಅಂಕಿತವೂ ಹೌದು. ಬಸವಣ್ಣನವರಿಗಿಂತ ಹಿಂದಿನವನಾದುದರಿಂದ ಆದ್ಯ ವಚನಕಾರನೆಂದು ಹೆಸರಾದನು.

ಶಿವಭಕ್ತಿಗಾಗಿ ಆತನು ಮಗ್ಗವನ್ನು ಬಿಡಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಬಿ.ಎ. ಆದಮೇಲೆ ಕುಂಟೆ ಹಿಡಿಯುವೆಯಾ ಎಂದು ಊರಲ್ಲಿ ನಗುವವರುಂಟು. ಅವರಿಗೆ ನಾನು ದಾಸಿಮಯ್ಯನ ಲಾಳಿಯನ್ನು ತೋರಿಸುತ್ತೇನೆ.

ಆತನ ಮದುವೆಯ ಕಥೆಯಂತೂ ಅಡುಗೆಮನೆಯದೇ. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ನೀರು ಸೌದೆಗಳಿಲ್ಲದೆ ಪಾಯಸ ಮಾಡಬಲ್ಲ ಕನ್ಯೆಯನ್ನು ವರಿಸುವೆನೆಂದನಂತೆ. ದುಗ್ಗಳೆಯು ಕಬ್ಬಿನ ರಸದಲ್ಲಿ ಅಕ್ಕಿ ಬೇಯಿಸಿ, ಸಿಪ್ಪೆಯನ್ನೇ ಉರಿಗೆ ಹಾಕಿದಳು. ಪರೀಕ್ಷೆ ಅವಳೊಬ್ಬಳಿಗೇ ಏಕೆಂದು ನಮ್ಮ ಸಹಪಾಠಿನಿಯರು ಕೇಳಿದರೆ ತಪ್ಪಲ್ಲ! ಮುಂದೆ ಅವಳೂ ವಚನಗಳನ್ನು ರಚಿಸಿದಳು.

ಒಮ್ಮೆ, ಬಹುದಿನ ದುಡಿದು ನೇಯ್ದ ವಸ್ತ್ರವನ್ನು ಮುದುಕ ಜಂಗಮನೊಬ್ಬನು ಬೇಡಿದನು. ದಾಸಿಮಯ್ಯನು ಕೊಟ್ಟನು. ಜಂಗಮನು ಅದನ್ನು ಕಣ್ಣೆದುರೇ ಹರಿದು ಚೂರುಮಾಡಿದನು. ಆತನಿಗೆ ಕೋಪ ಬರಲಿಲ್ಲ. ಕೊಟ್ಟಮೇಲೆ ಅರಿವೆ ತನ್ನದಲ್ಲವಷ್ಟೆ. ಜಂಗಮನು ಶಿವನೇ ಆಗಿದ್ದು, ಬರಿದಾಗದ ತವನಿಧಿಯನ್ನಿತ್ತನೆಂದು ಕಥೆ ಮುಂದುವರಿಯುತ್ತದೆ. ನನಗಾದರೋ ತವನಿಧಿಗಿಂತ, ಆ ಚೂರುಗಳನ್ನು ನೋಡುತ್ತ ನಿಂತ ನೇಕಾರನೇ ಹೆಚ್ಚು ನೆನಪಾಗುತ್ತಾನೆ.