ಮಂಜುಗಡ್ಡೆಯ ಮೇಲೆ ಹೆಜ್ಜೆಯೂರಿದ ಛಲಗಾತಿ – ಮ್ಯಾಜ್ ಸೈಯರ್ಸ್

ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದ ವಿದ್ಯಾರ್ಥಿನಿಯೊಬ್ಬಳನ್ನು ಕರೆದು, ಮುಂದಿನ ವರ್ಷದಿಂದ ನೀನು ಪರೀಕ್ಷೆಗೆ ಕೂರುವಂತಿಲ್ಲ ಎಂದು ಹೇಳಿದರೆ ಅವಳ ಮನಸ್ಸಿಗೆ ಎಷ್ಟು ನೋವಾಗಬಹುದು ಊಹಿಸಿ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ತರುಣಿಗೆ ಹೀಗೆಯೇ ಆಯಿತು. ಆಕೆ ಮಾಡಿದ ತಪ್ಪೆಂದರೆ ಚೆನ್ನಾಗಿ ಆಡಿದ್ದು. ಆದರೂ ಆಕೆ ಮನೆಯಲ್ಲಿ ಕುಳಿತು ಕೊರಗಲಿಲ್ಲ. ಮುಚ್ಚಿದ ಬಾಗಿಲು ತೆರೆಯುವವರೆಗೂ ತನ್ನ ಅಭ್ಯಾಸವನ್ನು ಬಿಡಲಿಲ್ಲ. ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಮೊಟ್ಟಮೊದಲ ಮಹಿಳೆ ಮ್ಯಾಜ್ ಸೈಯರ್ಸ್ ಅವರ ಜೀವನ ನಮಗೆಲ್ಲರಿಗೂ ಒಂದು ಪಾಠವಾಗಿದೆ.

ಮ್ಯಾಜ್ ಅವರು ಹುಟ್ಟಿದ್ದು 1881ರ ಸೆಪ್ಟೆಂಬರ್ 16ರಂದು, ಲಂಡನ್ ನಗರದ ಕೆನ್ಸಿಂಗ್ಟನ್‌ನಲ್ಲಿ. ಅವರ ಪೂರ್ಣ ಹೆಸರು ಫ್ಲಾರೆನ್ಸ್ ಮ್ಯಾಡೆಲಿನ್ ಕೇವ್. ತಂದೆ ಕಟ್ಟಡ ನಿರ್ಮಾಣದ ಕೆಲಸ ಮಾಡಿಸುವವರು. ಹದಿನೈದು ಮಕ್ಕಳ ದೊಡ್ಡ ಕುಟುಂಬ ಅದು. ಈಜು ಮತ್ತು ಕುದುರೆ ಸವಾರಿಯಲ್ಲಿ ಚುರುಕಾಗಿದ್ದ ಮ್ಯಾಜ್ ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒಲಿದದ್ದು ಮಂಜುಗಡ್ಡೆಯ ಮೇಲಿನ ಆಟ.

ಈ ಆಟವನ್ನು ನೋಡದವರಿಗೆ ಇಲ್ಲಿ ಸ್ವಲ್ಪ ವಿವರಣೆ ಅಗತ್ಯ. ಆಟಗಾರರು ತಮ್ಮ ಬೂಟಿನ ಅಡಿಯಲ್ಲಿ ತೆಳುವಾದ ಉಕ್ಕಿನ ಅಲಗನ್ನು ಜೋಡಿಸಿಕೊಂಡು ಮಂಜುಗಡ್ಡೆಯ ಅಂಗಳದಲ್ಲಿ ಜಾರುತ್ತಾರೆ. ಅಲಗಿಗೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳಿರುತ್ತವೆ. ಅಂದಿನ ಸ್ಪರ್ಧೆಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದರಲ್ಲಿ ಒಂದೇ ಕಾಲಿನ ಮೇಲೆ ಜಾರುತ್ತಾ ವೃತ್ತ, ಎಂಟರ ಅಂಕಿ ಮುಂತಾದ ಆಕೃತಿಗಳನ್ನು ಮಂಜುಗಡ್ಡೆಯ ಮೇಲೆ ಕೊರೆಯಬೇಕು. ಮತ್ತೆ ಅದೇ ಗೆರೆಯ ಮೇಲೆ ಜಾರಬೇಕು. ನಾವು ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಮೇಷ್ಟ್ರು ಬರೆದುಕೊಟ್ಟ ಅಕ್ಷರವನ್ನು ತಿದ್ದುತ್ತಿದ್ದೆವಲ್ಲ, ಹಾಗೆ. ತೀರ್ಪುಗಾರರು ಆ ಗೆರೆಗಳನ್ನು ಪರೀಕ್ಷಿಸಿ ಅಂಕ ಕೊಡುತ್ತಿದ್ದರು. ಎರಡನೆಯ ಭಾಗ, ಆಟಗಾರರು ತಮಗಿಷ್ಟವಾದಂತೆ ಪ್ರದರ್ಶನ ನೀಡುವುದು. ಆಕೃತಿ ಬಿಡಿಸುವ ಭಾಗವನ್ನು 1990ರ ನಂತರ ವಿಶ್ವ ಸ್ಪರ್ಧೆಗಳಿಂದ ಕೈಬಿಡಲಾಯಿತು.

1900ರಲ್ಲಿ ಮ್ಯಾಜ್ ಅವರ ವಿವಾಹ ಎಡ್ಗರ್ ಸೈಯರ್ಸ್ ಅವರೊಂದಿಗೆ ನಡೆಯಿತು. ಎಡ್ಗರ್ ಸ್ವತಃ ನುರಿತ ಸ್ಕೇಟಿಂಗ್ ಪಟು. ಇಂಗ್ಲೆಂಡಿನಲ್ಲಿ ಆಗ ಮೈಯನ್ನು ನೆಟ್ಟಗೆ ಬಿಗಿದುಕೊಂಡು ಜಾರುವ ಶೈಲಿ ರೂಢಿಯಲ್ಲಿತ್ತು. ಯುರೋಪಿನ ಇತರ ದೇಶಗಳಲ್ಲಿ ಪ್ರಚಲಿತವಿದ್ದ ಸರಾಗ ಚಲನೆಯ ಶೈಲಿಯನ್ನು ಕಲಿಯುವಂತೆ ಅವರು ಪತ್ನಿಯನ್ನು ಪ್ರೋತ್ಸಾಹಿಸಿದರು. ಕಲಿತದ್ದನ್ನು ಬಿಟ್ಟು ಹೊಸದಾಗಿ ಕಲಿಯುವುದು ಸುಲಭದ ಕೆಲಸವಲ್ಲ. ಮ್ಯಾಜ್ ಅದನ್ನು ಮಾಡಿ ತೋರಿಸಿದರು.

1902ರಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್ ಸ್ಪರ್ಧೆ ಲಂಡನ್ನಿನಲ್ಲಿ ನಡೆಯಿತು. 1896ರಿಂದ ನಡೆದುಬಂದಿದ್ದ ಈ ಸ್ಪರ್ಧೆಯಲ್ಲಿ ಅದುವರೆಗೆ ಭಾಗವಹಿಸಿದವರೆಲ್ಲರೂ ಪುರುಷರು. ಆದರೆ ನಿಯಮಾವಳಿಯಲ್ಲಿ ಮಹಿಳೆಯರು ಬರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಮಹಿಳೆಯೊಬ್ಬರು ಬರಬಹುದೆಂದು ಯಾರೂ ಯೋಚಿಸಿಯೇ ಇರಲಿಲ್ಲ! ಮ್ಯಾಜ್ ತಮ್ಮ ಹೆಸರನ್ನು ನೋಂದಾಯಿಸಿದರು. ತಡೆಯಲು ಸಂಘಟಕರ ಬಳಿ ಯಾವ ನಿಯಮವೂ ಇರಲಿಲ್ಲ. ನಾಲ್ವರು ಸ್ಪರ್ಧಿಗಳಲ್ಲಿ ಅವರೊಬ್ಬರೇ ಮಹಿಳೆ. ಮೊದಲ ಸ್ಥಾನ ಸ್ವೀಡನ್ನಿನ ಉಲ್ರಿಚ್ ಸಾಲ್ಕೋ ಅವರಿಗೆ ಹೋಯಿತು. ಅವರು ಮುಂದೆ ಒಟ್ಟು ಹತ್ತು ಬಾರಿ ವಿಶ್ವ ಚಾಂಪಿಯನ್ ಆದ ಮಹಾನ್ ಆಟಗಾರ. ಅಂಥವರ ನಂತರದ ಸ್ಥಾನ, ಅಂದರೆ ದ್ವಿತೀಯ ಸ್ಥಾನ, ಇಪ್ಪತ್ತು ವರ್ಷದ ಮ್ಯಾಜ್ ಅವರ ಪಾಲಾಯಿತು. ಇಬ್ಬರು ಪುರುಷ ಸ್ಪರ್ಧಿಗಳು ಅವರ ಹಿಂದೆ ಉಳಿದರು.

ಈ ಸಾಧನೆಗೆ ಸಿಕ್ಕ ಪ್ರತಿಫಲವೇನು? 1903ರಲ್ಲಿ ಸೇರಿದ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ಸಭೆ ಮಹಿಳೆಯರಿಗೆ ಈ ಸ್ಪರ್ಧೆಯಲ್ಲಿ ಪ್ರವೇಶವಿಲ್ಲವೆಂದು ತೀರ್ಮಾನಿಸಿತು. ಅದಕ್ಕೆ ನೀಡಿದ ಕಾರಣಗಳನ್ನು ಕೇಳಿದರೆ ಇಂದು ನಗು ಬರುತ್ತದೆ. ಉದ್ದನೆಯ ಲಂಗದಿಂದಾಗಿ ತೀರ್ಪುಗಾರರಿಗೆ ಪಾದಗಳು ಕಾಣುವುದಿಲ್ಲ ಎಂಬುದು ಒಂದು ಕಾರಣ. ತೀರ್ಪುಗಾರರು ತಮಗೆ ಬೇಕಾದ ಹೆಣ್ಣುಮಗಳ ಕಡೆಗೆ ಒಲಿಯಬಹುದು ಎಂಬುದು ಇನ್ನೊಂದು. ಹೆಂಗಸರನ್ನೂ ಗಂಡಸರನ್ನೂ ಹೋಲಿಸಿ ನೋಡುವುದು ಕಷ್ಟ ಎಂಬುದು ಮತ್ತೊಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯಬಲ್ಲವಳಿಗೇ ನೆಲವಿಲ್ಲವೆಂದರು.

ಮ್ಯಾಜ್ ಎದೆಗುಂದಲಿಲ್ಲ. ವಿಶ್ವ ಸ್ಪರ್ಧೆಯ ಬಾಗಿಲು ಮುಚ್ಚಿತ್ತೇ ಹೊರತು ತಮ್ಮ ದೇಶದ ಬಾಗಿಲು ತೆರೆದೇ ಇತ್ತು. 1903ರಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್‌ನಲ್ಲಿ ಪುರುಷರೊಂದಿಗೆ ಸ್ಪರ್ಧಿಸಿ ಗೆದ್ದರು. 1904ರಲ್ಲಿ ಮತ್ತೆ ಗೆದ್ದರು. ಆ ವರ್ಷ ಅವರಿಗೆ ಸೋತವರಲ್ಲಿ ಪತಿ ಎಡ್ಗರ್ ಕೂಡ ಇದ್ದರು! ಪತ್ನಿಗೆ ಸೋತ ಎಡ್ಗರ್ ಮುನಿಸಿಕೊಂಡು ದೂರ ಸರಿಯಲಿಲ್ಲ. ಮುಂದೆಯೂ ಅವರ ಜೊತೆಗೂಡಿ ಆಡಿದರು. ಸಾಧಕಿಯ ಹಿಂದೆ ಇಂಥ ಆಸರೆಯಿದ್ದರೆ ದಾರಿ ಎಷ್ಟು ಹಗುರವಾಗುತ್ತದೆ ಎಂಬುದನ್ನು ಪೋಷಕರೂ ಗಮನಿಸಬೇಕು.

ಪಾದ ಕಾಣುವುದಿಲ್ಲವೆಂಬ ಆಕ್ಷೇಪಕ್ಕೂ ಮ್ಯಾಜ್ ಅವರಲ್ಲಿ ಉತ್ತರವಿತ್ತು. ನೆಲ ಮುಟ್ಟುವ ಲಂಗದ ಬದಲು ಪಾದದ ಚಲನೆ ಕಾಣುವಷ್ಟು ಗಿಡ್ಡದಾದ ಲಂಗ ತೊಟ್ಟು ಅವರು ಆಡತೊಡಗಿದರು. ಮಹಿಳೆಯರು ಈ ಆಟಕ್ಕೆ ಅರ್ಹರಲ್ಲ ಎಂಬ ವಾದ ದಿನೇ ದಿನೇ ಬಲ ಕಳೆದುಕೊಂಡಿತು. ಕೊನೆಗೆ ಒಕ್ಕೂಟವೇ 1905ರಲ್ಲಿ ಮಹಿಳೆಯರಿಗಾಗಿ ಪ್ರತ್ಯೇಕ ಸ್ಪರ್ಧೆ ಏರ್ಪಡಿಸಲು ಒಪ್ಪಿಕೊಂಡಿತು. 1906ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಮ್ಯಾಜ್ ಅವರೇ ಪ್ರಥಮ. 1907ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿಯೂ ಅವರೇ ಪ್ರಥಮ. ಮುಂದೆ ಈ ಎರಡು ವಿಜಯಗಳಿಗೂ ವಿಶ್ವ ಚಾಂಪಿಯನ್ ಎಂಬ ಮಾನ್ಯತೆ ದೊರೆಯಿತು.

1908ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ಚಳಿಗಾಲದ ಒಲಿಂಪಿಕ್ಸ್ ಆರಂಭವಾದದ್ದು 1924ರಲ್ಲಿ. ಅದಕ್ಕಿಂತ ಹದಿನಾರು ವರ್ಷ ಮೊದಲೇ ಲಂಡನ್ನಿನಲ್ಲಿ ಫಿಗರ್ ಸ್ಕೇಟಿಂಗ್‌ಗೆ ಅವಕಾಶ ಸಿಕ್ಕಿತು. ಅಕ್ಟೋಬರ್ ತಿಂಗಳಲ್ಲಿ ಪ್ರಿನ್ಸಸ್ ಸ್ಕೇಟಿಂಗ್ ರಿಂಕ್ ಎಂಬಲ್ಲಿ ನಡೆದ ಮಹಿಳೆಯರ ಸ್ಪರ್ಧೆಯಲ್ಲಿ ಐವರು ಭಾಗವಹಿಸಿದ್ದರು. ಆಕೃತಿಗಳ ವಿಭಾಗ, ಸ್ವತಂತ್ರ ಪ್ರದರ್ಶನ ಎರಡರಲ್ಲಿಯೂ ಮ್ಯಾಜ್ ಅವರೇ ಮುಂದಿದ್ದು, ಎಲ್ಲ ತೀರ್ಪುಗಾರರೂ ಅವರಿಗೇ ಮೊದಲ ಸ್ಥಾನ ಕೊಟ್ಟರು. ಮೂರು ಜೋಡಿಗಳಿದ್ದ ಜೋಡಿ ಸ್ಪರ್ಧೆಯಲ್ಲಿ ಪತಿಯೊಂದಿಗೆ ಕಂಚಿನ ಪದಕವನ್ನೂ ಪಡೆದರು. ಅದೇ ಒಲಿಂಪಿಕ್ಸ್‌ನಲ್ಲಿ ಪುರುಷರ ಚಿನ್ನ ಗೆದ್ದವರು ಸಾಲ್ಕೋ. 1902ರಲ್ಲಿ ಮೊದಲೆರಡು ಸ್ಥಾನ ಪಡೆದಿದ್ದ ಆ ಇಬ್ಬರೂ ಆರು ವರ್ಷಗಳ ಬಳಿಕ ಒಂದೇ ಕೂಟದಲ್ಲಿ ಚಿನ್ನ ಗೆದ್ದರು.

ದುರದೃಷ್ಟವಶಾತ್ ಅವರ ಆರೋಗ್ಯ ಕೈಕೊಟ್ಟಿತು. ಒಲಿಂಪಿಕ್ಸ್ ನಂತರ ಅವರು ಸ್ಪರ್ಧೆಗಳಿಂದ ನಿವೃತ್ತರಾದರು. ಆಡಲಾಗದಿದ್ದರೂ ತಮ್ಮ ವಿದ್ಯೆಯನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಪತಿಯೊಂದಿಗೆ ಸೇರಿ 1913ರಲ್ಲಿ ಸ್ಕೇಟಿಂಗ್ ಕಲೆಯನ್ನು ಕುರಿತು ಪುಸ್ತಕ ಪ್ರಕಟಿಸಿದರು. 1917ರ ಸೆಪ್ಟೆಂಬರ್ 9ರಂದು, ಹೃದಯದ ಕಾಯಿಲೆಯಿಂದ ನಿಧನರಾದರು. ಮೂವತ್ತಾರು ತುಂಬಲು ಇನ್ನೂ ಒಂದು ವಾರವಿತ್ತು. ಬ್ರಿಟನ್ನಿನಲ್ಲಿ ಮೂವತ್ತು ದಾಟಿದ, ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ ಸಂಸತ್ ಚುನಾವಣೆಯ ಮತದಾನದ ಹಕ್ಕು ಸಿಕ್ಕಿದ್ದು ಅದರ ಮರುವರ್ಷ, 1918ರಲ್ಲಿ. ಅಂದರೆ ಒಲಿಂಪಿಕ್ ಚಿನ್ನ ತಂದ ಈ ಮಹಿಳೆಗೆ ತಮ್ಮ ದೇಶದ ಸಂಸತ್ತಿಗೆ ಒಂದು ಮತ ಹಾಕುವ ಭಾಗ್ಯವೂ ಇರಲಿಲ್ಲ. 1981ರಲ್ಲಿ ವಿಶ್ವ ಫಿಗರ್ ಸ್ಕೇಟಿಂಗ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು.

ಉರ್ದುವಿನಲ್ಲಿ ಹಿಮ್ಮತ್ ಮತ್ತು ಸಬ್ರ್ ಎಂಬ ಎರಡು ಪದಗಳಿವೆ. ಹಿಮ್ಮತ್ ಎಂದರೆ ಧೈರ್ಯ, ಸಬ್ರ್ ಎಂದರೆ ತಾಳ್ಮೆ. ಸಬ್ರ್ ಎಂದರೆ ಕೈಕಟ್ಟಿ ಕೂರುವುದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಮ್ಯಾಜ್ ಅವರ ಜೀವನ ಹಾಗೆ ಹೇಳುವುದಿಲ್ಲ. 1902ರಲ್ಲಿ ಹೆಸರು ನೋಂದಾಯಿಸಲು ಅವರಿಗೆ ಹಿಮ್ಮತ್ ಬೇಕಾಯಿತು. ಮುಂದಿನ ನಾಲ್ಕು ವರ್ಷ, ಕರೆಯುವವರು ಯಾರೂ ಇಲ್ಲದಿದ್ದಾಗಲೂ ಅಭ್ಯಾಸ ಮುಂದುವರಿಸಲು ಸಬ್ರ್ ಬೇಕಾಯಿತು. ಆ ನಾಲ್ಕು ವರ್ಷ ಅವರು ಸುಮ್ಮನಿದ್ದಿದ್ದರೆ, ದಾವೋಸ್‌ನಲ್ಲಿ ಬಾಗಿಲು ತೆರೆದಾಗ ಒಳಗೆ ಹೋಗಿ ಗೆಲ್ಲುವವರು ಬೇರೆ ಯಾರೋ ಆಗಿರುತ್ತಿದ್ದರು.

ವಿದ್ಯಾರ್ಥಿಗಳೇ, ಅದರಲ್ಲೂ ವಿದ್ಯಾರ್ಥಿನಿಯರೇ, ಸೀಟು ಸಿಗಲಿಲ್ಲ, ಅವಕಾಶ ಸಿಗಲಿಲ್ಲ ಎಂದು ಪುಸ್ತಕ ಮುಚ್ಚಿಡುವ ಮುನ್ನ ಒಮ್ಮೆ ಈ ಹೆಣ್ಣುಮಗಳನ್ನು ನೆನಪಿಸಿಕೊಳ್ಳಿ. ಬಾಗಿಲು ಯಾವಾಗ ತೆರೆಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ತೆರೆದ ದಿನ ನಾವು ಸಿದ್ಧರಾಗಿರಬೇಕು, ಅದು ಮಾತ್ರ ನಮ್ಮ ಕೈಯಲ್ಲಿದೆ.